ಮಾತೆಯ ಮೇಲಿನ ಬಿಳಿ ಬಟ್ಟೆ

ತೆಗೆಯಲೇ, ಬೇಡವೇ?

ತೆಗೆದರೆ ಜಗಳ. ಬಿಟ್ಟರೆ ಅವಮಾನ. ಬೇರೆಯವರ ಮನೆಗೆ ಬಂದು ಅವರ ತಾಯಿಯ ಮುಖದ ಮೇಲಿನ ಬಟ್ಟೆ ಎಳೆಯಲು ನಾನು ಯಾರು? ಆದರೆ ನಾವು ಬರುತ್ತೇವೆಂದು ಅವಳ ಮುಖ ಮುಚ್ಚಲು ಹೇಳಿದವರಾದರೂ ಯಾರು...?

ಹಾಡಿನ ಟೀಚರ್ ಮಾತೆ ಮರಿಯಮ್ಮನ ಪ್ರತಿಮೆಯ ಮುಂದೆ ನಿಂತು ಐದು ನಿಮಿಷವಾಗಿತ್ತು. ಕಳೆದ ಭಾನುವಾರ ಆ ಪ್ರತಿಮೆ ತೆರೆದೇ ಇತ್ತು. ಈ ಭಾನುವಾರ ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆ. ಕುತ್ತಿಗೆಯ ಹಿಂದೆ ದಾರದ ಒಂದು ಗಂಟು.

ಅವಳು ಗಂಟು ಬಿಚ್ಚಿದಳು.

"ಅದನ್ನ ಹಾಕಿದ್ದು ನಾನು."

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ.

"ಯಾಕೆ ಹಾಕಿದ್ರಿ? ನಮ್ಮ ಕಣ್ಣು ತಾಗಬಾರದು ಅಂತಾನಾ?"

ಅವನು ಬಾಯಿ ತೆರೆದ. ಏನೋ ನೆನಪಾದವನಂತೆ ಮುಚ್ಚಿದ.

"ಕೇಳಿದ್ದು ನಿಮ್ಮನ್ನೇ!"

"ಇರಲಿ ಬಿಡಿ ಟೀಚರ್," ಎಂದು ಹೇಳಿ ಬೀಗದ ಕೈಗಳನ್ನು ಝಣಝಣಿಸುತ್ತಾ ಹೊರಟೇ ಹೋದ.

ಎಂಥ ಅಹಂಕಾರ! ಅವಳು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲಿಟ್ಟಳು. ಬಟ್ಟೆಗೆ ಇಸ್ತ್ರಿ ಮಾಡಿದ್ದರು, ಅಂಚಿನಲ್ಲಿ ಕೈಯಿಂದ ಹೆಣೆದ ಲೇಸು ಇತ್ತು ಎಂಬುದು ಸಿಟ್ಟಿನಲ್ಲಿಯೂ ಕಣ್ಣಿಗೆ ಬಿತ್ತು.

ಬೀದಿಯ ಮೇಲಿನ ತುದಿಯಲ್ಲಿದ್ದ ಗಂಟೆ ಚರ್ಚು ಕ್ಯಾಥೊಲಿಕರದು. ಕೆಳಗಿನ ತುದಿಯ ಬಿಳಿ ಚರ್ಚು ಪ್ರೊಟೆಸ್ಟೆಂಟರದು. ಎದುರು ಸಿಕ್ಕಾಗ ಎರಡೂ ಕಡೆಯವರು ನಗುತ್ತಿದ್ದರು, ಮದುವೆ ಸಾವುಗಳಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದರು. ಅದಕ್ಕಿಂತ ಹೆಚ್ಚಿನ ಸಲಿಗೆ ಇರಲಿಲ್ಲ. ಬಿಳಿ ಚರ್ಚಿನ ಸೂರಿನ ತೊಲೆಗಳನ್ನು ಗೆದ್ದಲು ತಿಂದಾಗ ಗಂಟೆ ಚರ್ಚಿನ ಫಾದರೇ ನಡೆದುಕೊಂಡು ಬಂದರು.

"ಎಂಟಕ್ಕೆ ನಮ್ಮ ಪೂಜೆ ಮುಗಿಯುತ್ತೆ. ಒಂಬತ್ತಕ್ಕೆ ನೀವು ಬನ್ನಿ. ಸೂರು ಆಗೋವರೆಗೂ ನಮ್ಮ ಚರ್ಚು ನಿಮ್ಮದೇ," ಎಂದರು.

ಹಾಗೆ ಶುರುವಾಗಿತ್ತು. ಬಿಳಿ ಚರ್ಚಿನಲ್ಲಿ ಕೀಬೋರ್ಡ್ ನುಡಿಸಿ ಹಾಡು ಹೇಳಿಸುವವಳು ಇವಳು. ವಾರದ ಉಳಿದ ದಿನ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಳು. ಗಂಟೆ ಚರ್ಚಿನ ಬಾಗಿಲು, ಗಂಟೆ, ಮೇಣದಬತ್ತಿ, ಬಟ್ಟೆಬರೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅವನು. ಉಳಿದ ಹೊತ್ತಿನಲ್ಲಿ ಬಡಗಿ. ಸೊಂಟದ ಗೊಂಚಲಿಗೂ ತೆರೆಯದ ಬಾಯಿಗೂ ಸೇರಿಸಿ ಅವನಿಗೆ ಎಲ್ಲರೂ ಇಟ್ಟ ಹೆಸರು ಬೀಗ.

ಮುಂದಿನ ಭಾನುವಾರ ಪ್ರತಿಮೆಯ ಮೇಲೆ ಮತ್ತೆ ಬಟ್ಟೆ. ಈ ಬಾರಿ ಎರಡು ಗಂಟು.

ಅದರ ಮುಂದಿನ ವಾರ ಮೂರು!

ಅವಳೂ ಬಿಡಲಿಲ್ಲ. ಎಂಟೂವರೆಗೇ ಬಂದು, ಉಗುರು ನೋಯುವವರೆಗೂ ಗಂಟು ಬಿಚ್ಚಿ, ಪ್ರತಿಮೆಯ ಪಕ್ಕದಲ್ಲೇ ಕೀಬೋರ್ಡ್ ಇಟ್ಟುಕೊಂಡು ಕಾವಲು ಕೂತಳು. ಅವನು ಬೆಂಚುಗಳ ನಡುವೆ ಬಗ್ಗಿ ಬಗ್ಗಿ ಮೊಣಕಾಲೂರುವ ಹಲಗೆಗಳನ್ನು ಮೇಲಕ್ಕೆ ಮಡಚುತ್ತಿದ್ದ. ಮೊದಲ ಭಾನುವಾರ ಅವಳ ಅಪ್ಪ ಅಂಥದೊಂದು ಹಲಗೆಗೆ ಎಡವಿದ್ದರು. ಆಮೇಲೆ ಪ್ರತಿ ವಾರವೂ ನಲವತ್ತು ಬೆಂಚುಗಳ ಹಲಗೆಗಳೂ ಮೇಲಕ್ಕೇ ಇರುತ್ತಿದ್ದವು.

ಇಷ್ಟೆಲ್ಲ ನೋಡಿಕೊಳ್ಳುವವನು ಅಷ್ಟು ಕೆಟ್ಟವನಿರಲಾರ... ಹಾಗಾದರೆ ಆ ಬಟ್ಟೆ ಯಾಕೆ?

"ಐದನೇ ಬೆಂಚಿನ ಕಾಲು ಅಲ್ಲಾಡ್ತಿದೆ," ಎಂದಳು ಒಂದು ದಿನ, ಹೇಗಾದರೂ ಮಾತಾಡಿಸಬೇಕೆಂದು.

"ಗೊತ್ತು."

"ಸರಿ ಮಾಡಲ್ವಾ?"

"ಮಾಡ್ತೀನಿ."

"ಒಂದು ವಾಕ್ಯದಲ್ಲಿ ಎರಡು ಪದ ಹಾಕಿದ್ರೆ ನಾಲಿಗೆ ಸವೆಯುತ್ತಾ ನಿಮಗೆ?"

ಅವನು ಸ್ವಲ್ಪ ಯೋಚಿಸಿದ. "ಅಭ್ಯಾಸ ಇಲ್ಲ," ಎಂದ.

ಎರಡು ಪದ! ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು.

ಈ ನಡುವೆ ಇನ್ನೊಂದು ಚಿಂತೆ. ಅಪ್ಪ ಹಾಡುವುದನ್ನು ನಿಲ್ಲಿಸಿದ್ದರು. ಅವರು ಟೈಲರ್ ಆಗಿದ್ದವರು, ಹೊಲಿಗೆ ಮಿಷನ್ನಿನ ಮುಂದೆ ನಲವತ್ತು ವರ್ಷ ಹಾಡುತ್ತಲೇ ಬದುಕಿದವರು. ಅಮ್ಮ ತೀರಿಕೊಂಡು ಎರಡು ವರ್ಷವಾದರೂ ಚರ್ಚಿನಲ್ಲಿ ಅವರ ದನಿ ತಗ್ಗಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಪುಸ್ತಕ ತೆರೆದು ತಲೆ ತಗ್ಗಿಸಿ ಕೂರುತ್ತಿದ್ದರು.

"ಗಂಟಲು ಸರಿಯಿಲ್ಲವಾ ಅಪ್ಪ?"

"ವಯಸ್ಸಾಯ್ತಲ್ಲ ಮಗಳೇ."

ಒಂದು ಭಾನುವಾರ ಮಾತ್ರ ಅವಳಿಗೆ ಜ್ವರವಿತ್ತು. ಅಪ್ಪನನ್ನು ಪಕ್ಕದ ಮನೆಯವರ ಜೊತೆ ಕಳಿಸಿ, ಮಾತ್ರೆ ನುಂಗಿ ತಡವಾಗಿ ಹೊರಟಳು. ಮೆಟ್ಟಿಲ ಹತ್ತಿರ ಬಂದಾಗ ಒಳಗಿನಿಂದ ಎಲ್ಲರ ದನಿಗಳ ಕೆಳಗೆ ಗಟ್ಟಿಯಾದ ಒಂದು ದನಿ. ಅಪ್ಪನದು! ಸಂತೋಷದಲ್ಲಿ ಅವಳ ಕಣ್ಣು ತುಂಬಿತು. ಒಳಗೆ ಹೋದರೆ, ಬಿಚ್ಚುವವರಿಲ್ಲದೆ ಪ್ರತಿಮೆಯ ಮೇಲೆ ಬಟ್ಟೆ ಹಾಗೇ ಇತ್ತು. ಎರಡನ್ನೂ ಜೋಡಿಸಿ ನೋಡುವುದು ಅವಳಿಗೆ ಹೊಳೆಯಲಿಲ್ಲ. ಬಟ್ಟೆ ಕಂಡದ್ದೇ ಜ್ವರದ ಜೊತೆ ಸಿಟ್ಟೂ ತಲೆಗೇರಿತು.

ಆ ಸಿಟ್ಟಿನಲ್ಲೇ ಆರಾಧನೆ ಮುಗಿದ ಮೇಲೆ ಕನ್ನಡಕದ ಹಿರಿಯರ ಮುಂದೆ ಹೇಳಿಬಿಟ್ಟಳು. ಸಭೆಯ ಕಮಿಟಿಯಲ್ಲಿ ಅವರದೇ ಮೊದಲ ಮಾತು.

"ನಾವು ಬರ್ತೀವಿ ಅಂತ ಅವರ ಮಾತೆಗೆ ಮುಸುಕು ಹಾಕ್ತಾರೆ ನೋಡಿ. ನಮ್ಮ ನೋಟವೇ ಮೈಲಿಗೆ ಅನ್ನೋ ಹಾಗೆ."

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗೋ?"

ಅದೊಂದೇ ಮಾತು. ಮೂರು ದಿನದಲ್ಲಿ ಅದು ಮನೆಮನೆ ಸುತ್ತಿ ಕೈಕಾಲು ಬೆಳೆಸಿಕೊಂಡಿತು. ಭಾನುವಾರ ಆರಾಧನೆಯ ನಂತರ ಸಭೆಯವರು ಎದ್ದು ಹೋಗಲಿಲ್ಲ. ಹಿರಿಯರು ಮುಂದೆ ಬಂದು ನಿಂತರು.

"ಮರ್ಯಾದೆ ಇಲ್ಲದ ಕಡೆ ಇರೋದು ಬೇಡ. ಮುಂದಿನ ವಾರದಿಂದ ಶಾಲೆಯ ಹಾಲ್‌ನಲ್ಲಿ ಕೂರೋಣ. ಸೂರು ಮುಗಿದ ದಿನ ಎರಡೂ ಚರ್ಚಿನವರು ಸೇರಿ ಪ್ರಾರ್ಥನೆ ಮಾಡೋದು ಅಂತಿತ್ತಲ್ಲ, ಅದೂ ಬೇಡ. ಒಪ್ಪಿಗೆ ಇರೋರು ಕೈ ಎತ್ತಿ."

ಕೈಗಳು ಒಂದೊಂದಾಗಿ ಮೇಲೇಳತೊಡಗಿದವು.

ಟೀಚರ್ ಆ ಕೈಗಳನ್ನು ಎಣಿಸುತ್ತಾ ಕೂತಳು. ಮುಂದಿನ ವಾರದಿಂದ ಎಂಟೂವರೆಗೆ ಬರುವುದಿಲ್ಲ. ಗಂಟು ಬಿಚ್ಚುವುದಿಲ್ಲ. ಬೀಗದ ಕೈಗಳ ಸದ್ದಿಲ್ಲ. ನಾನು ಬೇಡಿದ್ದು ಇದನ್ನೇ? ಅಲ್ಲ... ಅಲ್ಲವೇ ಅಲ್ಲ! ಅವನು ಒಂದು ಕಾರಣ ಹೇಳಿದ್ದರೆ ಸಾಕಿತ್ತು, ಅಷ್ಟೇ.

"ಸ್ವಲ್ಪ ಕೈ ಇಳಿಸಿ ಎಲ್ಲರೂ."

ಅಪ್ಪ ಕೋಲೂರಿ ಎದ್ದು ನಿಂತಿದ್ದರು.

"ಬಟ್ಟೆ ಹಾಕು ಅಂದಿದ್ದು ನಾನು."

ಅಪ್ಪ ಪ್ರತಿಮೆಯ ಕಡೆ ತಿರುಗಿದರು.

"ಆ ಮಾತೆ ತಲೆ ಒಂದು ಕಡೆ ವಾಲಿಸಿಕೊಂಡು ನಿಂತಿದ್ದಾರಲ್ಲ... ನನ್ನ ಹೆಂಡತಿ ಸೂಜಿಗೆ ದಾರ ಪೋಣಿಸುವಾಗ ಹಾಗೇ ವಾಲಿಸ್ತಿದ್ದಳು. ಮೊದಲ ದಿನ ನೋಡಿದೆ. ಹಾಡು ಬಾಯಿಗೇ ಬರಲಿಲ್ಲ. ಬೀಗ ಅಂತೀವಲ್ಲ, ಆ ಹುಡುಗನ ಹತ್ತಿರ ಗುಟ್ಟಾಗಿ ಹೇಳಿದೆ. ಅವನು ತನ್ನ ಅಮ್ಮ ಹೆಣೆದ ಬಟ್ಟೆ ತಂದು ಹಾಕಿದ. ನನ್ನ ಮಗಳು ತೆಗೀತಿದ್ದಾಳೆ ಅಂತ ಅವನೇ ಬಂದು ಹೇಳಿದ. ಕಾರಣ ತಿಳಿಸಲಾ ಅಂದ. ಬೇಡಪ್ಪಾ, ನನ್ನ ಮೇಲೆ ಆಣೆ ಅಂದೆ. ಅಪ್ಪ ಇನ್ನೂ ಅಳ್ತಾನೆ ಅಂತ ಮಗಳಿಗೆ ಗೊತ್ತಾಗೋದು ಬೇಕಿರಲಿಲ್ಲ."

ಕನ್ನಡಕದ ಹಿರಿಯರು ತಮ್ಮ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. "ಮೊದಲೇ ಹೇಳಬಾರದಿತ್ತಾ ಮಾರಾಯರೇ!" ಎಂದರು. ಶಾಲೆಯ ಹಾಲ್‌ನ ಮಾತು ಅಲ್ಲಿಗೆ ನಿಂತಿತು.

ಅವಳು ಅಪ್ಪನ ಕೈ ಹಿಡಿದು ಸ್ವಲ್ಪ ಹೊತ್ತು ಕೂತಳು. ಅಪ್ಪನೇ ಅವಳ ಕೈ ಬಿಡಿಸಿದರು.

"ನನ್ನ ಹತ್ತಿರ ಆಮೇಲೆ ಅಳು. ಮೊದಲು ಅಲ್ಲಿ ಹೋಗಿ ಮಾತಾಡು."

ಪೂಜೆಯ ಬಟ್ಟೆಗಳನ್ನಿಡುವ ಕೋಣೆಯಲ್ಲಿ ಅವನು ಇಸ್ತ್ರಿ ಹಾಕುತ್ತಿದ್ದ. ಅದೇ ಬಿಳಿ ಬಟ್ಟೆ.

"ಇದನ್ನ ಹಾಕು ಅಂದಿದ್ದು ಯಾರು?" ಎಂದಳು, ಬಾಗಿಲಲ್ಲೇ ನಿಂತು.

"ಹಾಕಿದ್ದು ನಾನು."

"ನಾನು ಕೇಳಿದ್ದು ಅದಲ್ಲ."

"ಹಾಕಿದ್ದು ನಾನೇ ಟೀಚರ್."

"ಅಪ್ಪ ಎಲ್ಲರೆದುರು ಹೇಳಿ ಆಯ್ತು."

ಇಸ್ತ್ರಿಪೆಟ್ಟಿಗೆ ನಿಂತಿತು. "ಮತ್ತೆ ನನ್ನನ್ನ ಯಾಕೆ ಕೇಳ್ತೀರಿ?"

"ಬಟ್ಟೆ ಸುಡುತ್ತೆ, ಎತ್ತಿ ಅದನ್ನ!" ಅವಳು ಓಡಿ ಬಂದು ಇಸ್ತ್ರಿಪೆಟ್ಟಿಗೆ ಸರಿಸಿದಳು. ಲೇಸಿನ ಅಂಚು ಬೆಚ್ಚಗಿತ್ತು. ಅದರ ಮೇಲೆ ಕೈಯಿಟ್ಟಳು. "ನಿಮ್ಮ ಅಮ್ಮ ಹೆಣೆದಿದ್ದನ್ನ ವಾರವಾರ ಬೆಂಚಿನ ಮೇಲೆ ಎಸೆದೆ... ಊರಿಗೆಲ್ಲ ನಿಮ್ಮ ಬಗ್ಗೆ ಏನೇನೋ ಅಂದೆ. ಒಂದು ಮಾತು ಹೇಳಿದ್ದರೆ ನಿಮ್ಮದೇನು ಹೋಗ್ತಿತ್ತು?"

ಅವನು ಬಟ್ಟೆಯ ತುದಿ ಎತ್ತಿ ಸುಟ್ಟಿದೆಯೇ ಎಂದು ನೋಡಿದ.

"ನೀವು ಎಸೆದಿಲ್ಲ. ಪ್ರತಿ ಸಲ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೀರಿ," ಎಂದ. ಬಟ್ಟೆ ಮಡಚುತ್ತಾ, "ಹೇಳಿದ್ದರೆ... ಎಂಟೂವರೆಗೆ ಬಂದು ಗಂಟು ಬಿಚ್ಚೋದನ್ನ ನಿಲ್ಲಿಸ್ತಿದ್ರಿ. ಅದು ಹೋಗ್ತಿತ್ತು."

ಅವಳು ಅವನನ್ನೇ ನೋಡಿದಳು.

"ಅದಕ್ಕೇನಾ ಗಂಟು ಒಂದರಿಂದ ಮೂರಾಗಿದ್ದು?"

"ಮೊದಲನೆಯದು ಬಟ್ಟೆ ಬೀಳದಿರಲಿ ಅಂತ."

"ಉಳಿದದ್ದು?"

ಬೀಗ ನಕ್ಕ. ಅವನಿಗೆ ನಗಲು ಬರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ.

ಮೂರು ತಿಂಗಳಿಗೆ ಸೂರು ಮುಗಿಯಿತು. ಅಂದಿನ ಪ್ರಾರ್ಥನೆಗೆ ಗಂಟೆ ಚರ್ಚಿನವರು ಬೀದಿಯುದ್ದಕ್ಕೂ ನಡೆದು ಬಂದರು. ಫಾದರೂ ಪಾಸ್ಟರೂ ಅಕ್ಕಪಕ್ಕ ನಿಂತರು. ಮೊಣಕಾಲೂರುವ ಹಲಗೆ ಇಲ್ಲಿಲ್ಲವೆಂದು ಕನ್ನಡಕದ ಹಿರಿಯರೇ ಚಾಪೆ ಹಾಸಿಸಿದ್ದರು. ಬಿಳಿ ಬಟ್ಟೆಯನ್ನು ಬಲಿಪೀಠದ ಮೇಲೆ ಹಾಸಲಾಗಿತ್ತು. ಅಪ್ಪ ಹಾಡಿದರು. ಅದಕ್ಕೂ ಮೊದಲಿನ ವಾರಗಳಲ್ಲಿ, ಗಂಟೆ ಚರ್ಚಿನಲ್ಲಿ, ತೆರೆದ ಪ್ರತಿಮೆಯನ್ನು ನೋಡುತ್ತಲೇ ಒಂದೊಂದು ಸಾಲು ಹಾಡುವುದನ್ನು ಅವರು ರೂಢಿ ಮಾಡಿಕೊಂಡಿದ್ದರು.

ಮದುವೆಯ ಮಾತು ಎರಡೂ ಮನೆಗಳಲ್ಲಿ ನಿಧಾನವಾಗಿ ಸಾಗಿತು. ಎರಡೂ ಕಡೆ ಅನುಮತಿ, ಪತ್ರ, ಮುನಿಸು, ಮತ್ತೆ ಕಾಫಿ. ಒಪ್ಪಿಗೆ ಬಂದ ಸಂಜೆ ಅವಳು ಐದನೇ ಬೆಂಚಿನಲ್ಲಿ ಅವನ ಪಕ್ಕ ಕೂತಿದ್ದಳು. ಬೆಂಚಿನ ಕಾಲು ಈಗ ಅಲ್ಲಾಡುತ್ತಿರಲಿಲ್ಲ.

"ಈಗಲಾದರೂ ನೀವೇ ಬಾಯಿ ಬಿಟ್ಟು ಹೇಳಿ. ಹಾಕು ಅಂದಿದ್ದು ಯಾರು?"

"ಹಾಕಿದ್ದು ನಾನು."

"ಗೊತ್ತಿರೋದನ್ನ ಹೇಳೋಕೂ ಇಷ್ಟು ಜಿಪುಣತನವಾ?"

"ನೀವು ಕೇಳ್ತಾ ಇರಿ," ಎಂದ ಅವನು, ಅವಳ ಬೆರಳುಗಳನ್ನು ಹಿಡಿದು. "ನನಗೆ ಬೇಜಾರಿಲ್ಲ."

ಆಮೇಲೆಯೂ ಅವಳು ಎಷ್ಟೋ ಸಲ ಕೇಳಿದಳು. ಅವಳ ಅಪ್ಪ ಹೇಳಿದ್ದರೆಂದು ಅವನು ಕೊನೆಗೂ ಹೇಳಲಿಲ್ಲ.