ಮರಸೇಬಿನ ಕಾವಲು

"ಒಂದು ಕಮ್ಮಿ ಇದೆ! ಯಾರೂ ಮನೆ ಬಿಟ್ಟು ಹೊರಗೆ ಹೋಗೋ ಹಾಗಿಲ್ಲ!"

ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಮೆಣಸು ಕೂಗಿದಳು. ಅವಳ ನಿಜವಾದ ಹೆಸರಿಗೆ ಶಾಲೆಯ ಹಾಜರಿಯ ಹೊತ್ತಿನಲ್ಲಿ ಮಾತ್ರ ಕೆಲಸ. ಉಳಿದಂತೆ ಮನೆಗೂ ಬೀದಿಗೂ ಅವಳು ಮೆಣಸು. ಯಾಕೆ ಅನ್ನುವುದು ಅವಳ ಜೊತೆ ಸ್ವಲ್ಪ ಹೊತ್ತು ಮಾತಾಡಿದವರಿಗೆ ತಾನಾಗಿಯೇ ತಿಳಿಯುತ್ತಿತ್ತು.

ಅವಳ ಕೈಯಲ್ಲಿ ಒಂದು ರಟ್ಟಿನ ಡಬ್ಬ. ಮೇಲಿನ ಶೆಲ್ಫಿನಿಂದ ಈಗಷ್ಟೇ ಇಳಿಸಿದ್ದಳು. ಅದರೊಳಗೆ ಪೇಪರ್ ಹಾಸಿ ಮಲಗಿಸಿದ ಮರಸೇಬುಗಳು. ಡಬ್ಬದ ಹೊರಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಿತ್ತು: 'ಮುಟ್ಟಿದರೆ ಕೈ ಮುರಿಯುತ್ತೇನೆ.'

ಅಪ್ಪ ಬಸ್ ಡ್ರೈವರ್. ಕಳೆದ ವಾರ ಡ್ಯೂಟಿ ಮುಗಿಸಿ ಬರುವಾಗ ಇವನ್ನು ತಂದಿದ್ದ. ಹಣ್ಣು ಅನ್ನುವುದಕ್ಕಿಂತ ಕಲ್ಲು ಅನ್ನಬಹುದಿತ್ತು. ಅಣ್ಣ ಒಂದನ್ನು ಕಚ್ಚಿ, ದವಡೆ ಹಿಡಿದುಕೊಂಡು, "ಅಪ್ಪಾ, ಇದರಲ್ಲಿ ಕ್ರಿಕೆಟ್ ಆಡ್ಬಹುದು" ಅಂದಿದ್ದ.

ಅಜ್ಜ ಮಾತ್ರ ಆಸೆಗಣ್ಣಿನಿಂದ ನೋಡಿದ್ದ. ಅವನ ಬಾಯಲ್ಲಿ ಉಳಿದಿದ್ದ ಹಲ್ಲುಗಳನ್ನೆಲ್ಲ ಡಾಕ್ಟರು ಕಿತ್ತುಬಿಟ್ಟಿದ್ದರು. ಹೊಸ ಹಲ್ಲಿನ ಸೆಟ್ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಹಾಲು, ಸೂಪು, ಮತ್ತೆ ಹಾಲು.

"ಮರಸೇಬು ಸರಿಯಾಗಿ ಹಣ್ಣಾದ್ರೆ ಬೆಣ್ಣೆ ಕಣೆ. ಹಲ್ಲೇ ಬೇಡ," ಎಂದಿದ್ದ ಅಜ್ಜ.

"ಭಾನುವಾರ ನಿನಗೆ ಬೆಣ್ಣೆ ತಿನ್ನಿಸ್ತೀನಿ ಅಜ್ಜಾ. ಪ್ರಾಮಿಸ್!" ಎಂದು ಮೆಣಸು ಎದೆ ತಟ್ಟಿಕೊಂಡಿದ್ದಳು. "ಹಣ್ಣು ಮಾಡೋ ಡಿಪಾರ್ಟ್‌ಮೆಂಟ್ ನಂದು. ಬೇರೆ ಯಾರೂ ಕೈ ಹಾಕ್ಬೇಡಿ."

ಇವತ್ತು ಭಾನುವಾರ. ಅಜ್ಜ ಬೆಳಗ್ಗೆಯೇ ಚಮಚ ತೊಳೆದಿಟ್ಟುಕೊಂಡು ಕೂತಿದ್ದ.

ಒಂದು ಹಣ್ಣು ಕಮ್ಮಿ ಇದ್ದದ್ದು ಹೋಗಲಿ. ಉಳಿದವುಗಳ ಅವಸ್ಥೆ ನೋಡಿ ಮೆಣಸು ಡಬ್ಬವನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು. ಕುತ್ತಿಗೆಯಲ್ಲಿ ಗುಳಿ, ಹೊಟ್ಟೆಯಲ್ಲಿ ಗುಳಿ, ಬೆನ್ನಲ್ಲಿ ಗುಳಿ. ಗುಳಿ ಬಿದ್ದಲ್ಲೆಲ್ಲ ಕಪ್ಪು. ಜಗಳ ಆಡಿ ಬಂದವರ ಮುಖದ ಹಾಗೆ ಕಾಣುತ್ತಿದ್ದವು.

"ಯಾರೋ ಒತ್ತಿ ಒತ್ತಿ ಸಾಯಿಸಿದಾರೆ!" ಎಂದು ಕಿರುಚಿದಳು. "ಎಲ್ರೂ ಹೆಬ್ಬೆರಳು ತೋರಿಸಿ! ಅಪ್ಪಾ, ನೀನೇ ಮೊದ್ಲು!"

ಅಪ್ಪ ಶೇವಿಂಗ್ ನೊರೆ ಮೆತ್ತಿದ ಮುಖದಲ್ಲೇ ಬಂದು ಹೆಬ್ಬೆರಳು ಚಾಚಿದ. ಸ್ಟೀರಿಂಗ್ ತಿರುಗಿಸಿ ತಿರುಗಿಸಿ ದಪ್ಪಗಾದ ಬೆರಳು. ಒಂದು ಗುಳಿಯಲ್ಲೂ ಕೂರಲಿಲ್ಲ.

"ಹೋಗು, ನೀನಲ್ಲ. ಅಣ್ಣಾ, ನೀನೇ ಅಂತ ನಂಗೆ ಮೊದ್ಲೇ ಡೌಟು."

"ಗುಳಿ ಒಳಗೆ ಸರಿಯಾಗಿ ನೋಡೇ," ಎಂದ ಅಣ್ಣ. "ಉಗುರಿನ ಗೆರೆ ಇದೆ. ನನಗೆ ಉಗುರೆಲ್ಲಿದೆ?" ನಿಜ. ಪರೀಕ್ಷೆ ಶುರುವಾದಾಗಿನಿಂದ ಅವನು ಉಗುರನ್ನೆಲ್ಲ ಕಚ್ಚಿ ಮುಗಿಸಿದ್ದ.

ಅಮ್ಮ ಟೈಲರ್. ಬಟ್ಟೆಗೆ ಸಿಕ್ಕುತ್ತದೆಂದು ಉಗುರು ಬೆಳೆಯಲು ಬಿಡುತ್ತಿರಲಿಲ್ಲ. ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ಅವಳು ಒಂದು ಗುಳಿಯನ್ನು ಅಳೆದಳು. ಆಮೇಲೆ ಮೆಣಸುವಿನ ಕೈ ಹಿಡಿದು ಅವಳ ಹೆಬ್ಬೆರಳನ್ನು ಅಳೆದಳು. ಆಮೇಲೆ ಆ ಬೆರಳನ್ನು ಗುಳಿಯ ಮೇಲಿಟ್ಟಳು.

ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಉದ್ದನೆಯ ಉಗುರೂ ತನ್ನ ಗೆರೆಯಲ್ಲೇ ಹೋಗಿ ನಿಂತಿತು.

"ನಾನು ಒತ್ತಿಲ್ಲ!" ಎಂದಳು ಮೆಣಸು. "ನಾನು ಚೆಕ್ ಮಾಡಿದ್ದು!"

"ಎಷ್ಟು ಸಲ ಚೆಕ್ ಮಾಡ್ದೆ?"

"ಬೆಳಗ್ಗೆ ಎದ್ದ ತಕ್ಷಣ ಒಂದ್ಸಲ. ಸ್ಕೂಲಿಗೆ ಹೊರಡುವಾಗ. ಬಂದ್ಮೇಲೆ. ಹೋಮ್‌ವರ್ಕ್ ಮಧ್ಯೆ. ಊಟ ಆದ್ಮೇಲೆ... ಅಷ್ಟೇ." ಸ್ವಲ್ಪ ತಡೆದು, "ಶೆಲ್ಫು ಎತ್ತರ ಇದೆಯಲ್ಲ, ಸ್ಟೂಲ್ ಹತ್ತಿದ್ರೂ ಡಬ್ಬದ ಒಳಗೆ ಕಾಣಲ್ಲ. ಕೈ ಹಾಕಿ ನೋಡ್ತಿದ್ದೆ," ಎಂದಳು.

ಅಪ್ಪ ನಗು ತಡೆಯಲಾರದೆ ನೊರೆ ನುಂಗಿ ಕೆಮ್ಮಿದ. ಅಣ್ಣ ಡಬ್ಬದ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ, "ಈಗ ಕೈ ನೀನೇ ಮುರ್ಕೋತೀಯೋ, ನಾನು ಹೆಲ್ಪ್ ಮಾಡ್ಲೋ?" ಎಂದ.

ಮೆಣಸು ತಿರುಗಿ ಬೈಯಲಿಲ್ಲ. ಅವಳು ಅಜ್ಜನ ಚಮಚವನ್ನು ನೋಡುತ್ತಿದ್ದಳು. ಕಣ್ಣು ತುಂಬಿಕೊಂಡಿತು. "ಹಾಗಾದ್ರೆ ಕಮ್ಮಿ ಇರೋ ಹಣ್ಣು ಕದ್ದಿದ್ದಾದ್ರೂ ಯಾರು?" ಎಂದಳು, ಸಣ್ಣ ದನಿಯಲ್ಲಿ.

"ನಾನು," ಎಂದ ಅಜ್ಜ.

ಎಲ್ಲರೂ ತಿರುಗಿ ನೋಡಿದರು. ಅಜ್ಜ ನಿಧಾನವಾಗಿ ಎದ್ದು ತನ್ನ ಟ್ರಂಕು ತೆಗೆದು, ಒಂದು ಉಣ್ಣೆಯ ಕಾಲುಚೀಲ ಹೊರಗೆಳೆದ. ಕಾಲುಚೀಲದ ಹಿಮ್ಮಡಿಯಲ್ಲಿ ಏನೋ ಗುಂಡಗೆ ಕೂತಿತ್ತು.

"ಥೂ! ಸಾಕ್ಸಲ್ಲಾ?" ಎಂದ ಅಣ್ಣ.

"ಒಗೆದಿದ್ದು ಕಣೋ." ಹಲ್ಲಿಲ್ಲದ ಬಾಯಿಂದ ಅರ್ಧ ಮಾತು, ಅರ್ಧ ಗಾಳಿ ಬಂತು. "ಮೊದಲ್ನೇ ಸಂಜೇನೇ ಇವಳು ಮೂರು ಸಲ ಸ್ಟೂಲ್ ಹತ್ತಿದ್ಲು. ಆಗ್ಲೇ ಒಂದನ್ನ ಎತ್ತಿಟ್ಟೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಟ್ರಂಕೂ ಚೆಕ್ ಮಾಡ್ತಿದ್ದೆ."

ಕಾಲುಚೀಲದಿಂದ ಹಳದಿ ಬಣ್ಣದ ಹಣ್ಣು ಹೊರಬಂತು. ಮೈಮೇಲೆ ಉಣ್ಣೆಯ ಎರಡು ಎಳೆ ಬಿಟ್ಟರೆ ಒಂದು ಕಲೆಯೂ ಇಲ್ಲ. ಅಜ್ಜ ಅದನ್ನು ಉಜ್ಜಿ ಮೆಣಸುವಿನ ಮುಂದೆ ಹಿಡಿದ.

"ನಿನ್ನ ಡಿಪಾರ್ಟ್‌ಮೆಂಟು. ಹಣ್ಣಾಗಿದೆಯಾ ನೋಡು."

ಮೆಣಸುವಿನ ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಅವಳು ಅದನ್ನು ಮುಷ್ಟಿಯೊಳಗೆ ಮಡಚಿದಳು. ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಗ್ಗಿ, ಮೂಗನ್ನು ಮಾತ್ರ ಹತ್ತಿರ ತಂದಳು.

"ಆಗಿದೆ," ಎಂದಳು.

ಅಜ್ಜ ಚಮಚದಿಂದ ಕೆರೆದು ಕೆರೆದು ತಿಂದ. ರಸ ಗಲ್ಲದಿಂದ ಇಳಿದು ಅಂಗಿಯ ಗುಂಡಿ ದಾಟಿತು. ನಡುವೆ ನಡುವೆ ಒಂದೊಂದು ಚಮಚ ಮೆಣಸುವಿನ ಬಾಯಿಗೂ ಹೋಯಿತು.

ಅಮ್ಮ ಉಳಿದ ಹಣ್ಣುಗಳ ಕಪ್ಪು ಭಾಗ ಕತ್ತರಿಸಿ ಬೇಯಿಸಲು ಇಟ್ಟಳು. ಅಷ್ಟೇನೂ ಗುಳಿ ಬೀಳದ ಎರಡು ಇನ್ನೂ ಗಟ್ಟಿಯಾಗಿದ್ದವು. ಮೆಣಸು ಅವನ್ನು ಡಬ್ಬದಲ್ಲಿಟ್ಟು ಅಣ್ಣನ ಕೈಗೆ ಕೊಟ್ಟಳು.

"ಬೀರು ಮೇಲಿಡು. ಸ್ಟೂಲ್ ಹಾಕಿದ್ರೂ ನಂಗೆ ಎಟುಕಬಾರ್ದು."

ಅಣ್ಣ ಕಾಲ್ಬೆರಳ ಮೇಲೆ ನಿಂತು ಡಬ್ಬವನ್ನು ಬೀರುವಿನ ಮೇಲೆ ಹಿಂದಕ್ಕೆ ತಳ್ಳಿದ.

ಮೆಣಸು ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

"ಅಮ್ಮಾ," ಎಂದಳು, "ನೇಲ್ ಕಟರ್ ಎಲ್ಲಿದೆ?"