ಮೂರು ಡಬ್ಬಿ ಬ್ರೇಕ್ ಪ್ಯಾಡ್

ಬಿಡಿಭಾಗದ ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿತ್ತು. ಅದರಡಿ ಒಂದು ಚಪ್ಪಲಿ ಕಾಣುತ್ತಿತ್ತು. ಚಪ್ಪಲಿಯೊಳಗೆ ಕಾಲೂ ಇತ್ತು.

ಇನ್ಸ್‌ಪೆಕ್ಟರ್ ಬಂದದ್ದು ತನಿಖೆಗಲ್ಲ, ತನ್ನ ಮೋಟಾರ್‌ಸೈಕಲ್ಲಿಗೆ ಬ್ರೇಕ್ ಪ್ಯಾಡ್ ಕೊಳ್ಳಲು. ಹಿಂದಿನ ದಿನ ಯಜಮಾನರು ಬರಿಗೈಲಿ ಕಳಿಸಿದ್ದರು. "ಹಳೇದೆಲ್ಲಿ? ಬಿಚ್ಕೊಂಡು ಬನ್ನಿ, ಆಮೇಲೆ ಡಬ್ಬಿ ತೆಗೀತೀನಿ." ಯಾರಿಗಾದರೂ ಅವರದು ಇದೇ ಮಾತು. ಬೀದಿಯವರು ಅವರಿಗೆ 'ಹಳೇದೆಲ್ಲಿ' ಎಂದೇ ಹೆಸರಿಟ್ಟಿದ್ದರು. ಅವಳು ಗೊಣಗುತ್ತಲೇ ಸವೆದ ಪ್ಯಾಡನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ನಡೆದೇ ಬಂದಿದ್ದಳು.

ಈಗ 'ಹಳೇದೆಲ್ಲಿ' ಬೋರಲು ಬಿದ್ದಿದ್ದರು. ತಲೆಯ ಹಿಂದೆ ರಕ್ತ. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಪಕ್ಕದಲ್ಲಿ ದೊಡ್ಡದೊಂದು ಸ್ಪ್ಯಾನರ್. ಕೌಂಟರಿನ ಮೇಲೆ ಬಿಚ್ಚಿದ ಮೂರು ಡಬ್ಬಿ, ಮೂರು ಜೊತೆ ಹೊಸ ಪ್ಯಾಡ್. ಮೂಲೆಯಲ್ಲಿ ಬ್ಯಾಟರಿ, ಎರಡು ವೈರು, ಒಂದು ಪುಟ್ಟ ಬಲ್ಬು.

ಆಂಬುಲೆನ್ಸ್ ಹೊರಟಿತು. ಆಗಲೇ ಕಾರಿನಿಂದಿಳಿದು ಯಜಮಾನರ ಅಳಿಯ ಓಡಿಬಂದ. ಅಂಗಡಿಗೆ ಸರಕು ತರಿಸುವವನು ಅವನೇ.

"ನಾನು ಹೊರಡುವಾಗ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಬಂದು ನಿಂತಿದ್ದ ಮೇಡಂ. ಯಾವುದೋ ಗಾಡಿಗೆ ಪ್ಯಾಡ್ ಬೇಕಂತೆ. ಮಾವ ಮೂರು ಡಬ್ಬಿ ಬಿಚ್ಚಿ ತೋರಿಸ್ತಿದ್ರು. ಅದು ಬೇಡ, ಇದು ಬೇಡ ಅಂತ ಮಾತಿಗೆ ಮಾತು ಬೆಳೀತಿತ್ತು."

* * *

"ಸ್ಪ್ಯಾನರ್ ನಿಂದಾ?"

"ನಂದೇ ಮೇಡಂ," ಎಂದ ಮೆಕ್ಯಾನಿಕ್. "ಗ್ಯಾರೇಜ್ ಬಾಗಿಲಲ್ಲೇ ಬಿದ್ದಿರತ್ತೆ. ಇಡೀ ಬೀದಿ ಎತ್ಕೊಂಡು ಹೋಗತ್ತೆ. ವಾಪಸ್ ಕೊಡೋ ಪುಣ್ಯಾತ್ಮರು ಮಾತ್ರ ಇನ್ನೂ ಹುಟ್ಟಿಲ್ಲ."

"ಜಗಳ ಆಡಿದ್ಯಂತೆ?"

"ಆಡ್ದೆ. ನಿನ್ನೆ, ಇವತ್ತಲ್ಲ. ಒಬ್ರು ಟೀಚರಮ್ಮನ ಗಾಡಿಗೆ ಅವರು ಕೊಟ್ಟ ಪ್ಯಾಡ್ ಹಾಕಿದ್ದೆ. ಆಯಮ್ಮ ಬ್ರೇಕ್ ಹಿಡಿದ್ರೆ ಗಾಡಿ ನಿಲ್ಲಲೇ ಇಲ್ಲ. ಗೋಡೆಗೆ ಗುದ್ದಿ ಕೈ ಮುರ್ಕೊಂಡ್ರು. ಬಂದು ಕೂಗಾಡ್ದೆ. ಕೈ ಎತ್ತಿಲ್ಲ."

"ಇವತ್ತು ಎಲ್ಲಿದ್ದೆ?"

"ಇಂಜಿನ್ ಬಿಚ್ಕೊಂಡು ಒಬ್ನೇ ಕೂತಿದ್ದೆ. ಸಾಕ್ಷಿ ಕೇಳಿದ್ರೆ ಇಂಜಿನ್ನೇ ಬಾಯಿ ಬಿಡ್ಬೇಕು." ಆಮೇಲೆ ದನಿ ಇಳಿಯಿತು. "ಒಂದ್ಸಲ ಒಳಗೆ ಹೋಗಿಬಂದ್ರೆ ಯಾರು ಮೇಡಂ ನನ್ ಕೈಗೆ ಗಾಡಿ ಕೊಡ್ತಾರೆ?"

ಮೇಲಧಿಕಾರಿಯ ಫೋನು ಬಂತು. "ಆಯುಧ ಇದೆ, ಜಗಳ ಇದೆ, ನೋಡಿದವನಿದ್ದಾನೆ. ಇನ್ನೇನ್ರೀ ಬೇಕು ನಿಮಗೆ? ಮೆಕ್ಯಾನಿಕ್‌ನ ಲಾಕಪ್ಪಿಗೆ ಹಾಕಿ, ಸಂಜೆ ಕೋರ್ಟಿಗೆ ಹಾಜರುಪಡಿಸಿ."

"ಸರ್, ಒಂದು ನಿಮಿಷ..."

ಫೋನು ಕಟ್ಟಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತಿದೆಯೆಂದು ಅವಳಿಗೆ ಅನ್ನಿಸುತ್ತಿತ್ತು. ಆದರೆ ಅನ್ನಿಸುವುದು ಪುರಾವೆಯಲ್ಲ.

ಗ್ಯಾರೇಜಿನ ಗಾಡಿಗಳನ್ನೆಲ್ಲ ನೋಡಿದಳು. ಪ್ಯಾಡ್ ಬಿಚ್ಚಿದ ಗಾಡಿ ಒಂದೂ ಇರಲಿಲ್ಲ. "ಗಿರಾಕಿ ತಗೊಂಡು ಹೋಗಿರ್ತಾನೆ," ಎಂದ ಅಳಿಯ. ಬೀದಿಯವರನ್ನು ಕೇಳಿದಳು. ಯಾರೂ ಏನೂ ನೋಡಿರಲಿಲ್ಲ. "ಊಟದ ಹೊತ್ತಲ್ವಾ," ಎಂದ ಅಳಿಯ. ಎಲ್ಲಕ್ಕೂ ಅವನ ನಾಲಿಗೆಯ ತುದಿಯಲ್ಲೇ ಉತ್ತರ.

ಅವಳು ಸಿಟ್ಟಿನಿಂದ ಅಂಗಡಿಗೆ ಮರಳಿದಳು. ಫೋಟೋ ತೆಗೆದಾಗಿತ್ತು. ಕೈಗವಸು ಹಾಕಿಕೊಂಡು ಕೌಂಟರಿನ ಮುಂದೆ ನಿಂತಳು. ಕೇಸಂತೂ ಮುಂದೆ ಹೋಗುತ್ತಿಲ್ಲ. ತನ್ನ ಗಾಡಿಗೆ ಇವುಗಳಲ್ಲಿ ಯಾವುದಾದರೂ ಆದೀತೇ? ಕಾಗದ ಬಿಡಿಸಿ ತನ್ನ ಹಳೆಯ ಪ್ಯಾಡನ್ನು ಮೊದಲನೆಯದರ ಪಕ್ಕ ಹಿಡಿದಳು. ಸರಿಹೊಂದಿತು. ಎರಡನೆಯದು ಹೊಂದಲಿಲ್ಲ. ಮೂರನೆಯದರ ತೂತುಗಳೇ ಬೇರೆ ಕಡೆ.

ಅವಳ ಕೈ ಅಲ್ಲೇ ನಿಂತಿತು.

ಆಮೇಲೆ ನಿಧಾನವಾಗಿ ಮೂಲೆಯ ಬಲ್ಬಿನ ಕಡೆ ನೋಡಿದಳು.

* * *

"ಒಂದೇ ಗಾಡಿಗೆ ಮೂರು ಡಬ್ಬಿ ತೋರಿಸಿದ್ರು ಅಂದ್ರಲ್ಲ?"

"ಹೌದು ಮೇಡಂ," ಎಂದ ಅಳಿಯ. "ಮೂರರಲ್ಲಿ ಒಂದು ಆರಿಸೋಕೆ."

"ಈ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿ."

ಅವನು ನೋಡಿದ. ಒಂದಕ್ಕೆ ಸಿಕ್ಕಿಸಲು ಒಂದು ಕಿವಿ, ಇನ್ನೊಂದಕ್ಕೆ ಎರಡು. ಮೂರನೆಯದು ಉದ್ದಕ್ಕೆ ಚಾಚಿಕೊಂಡಿತ್ತು.

"ಪ್ಯಾಡ್ ಆರಿಸುವಾಗ ಆಕಾರ ಬದಲಾಗಲ್ಲ. ಅದೇ ಆಕಾರದಲ್ಲಿ ರಾಳದ್ದು ಬೇಕಾ, ಲೋಹದ್ದು ಬೇಕಾ ಅಂತ ಆರಿಸ್ತಾರೆ. ಒಂದು ಕಾಲಿಗೆ ಮೂರು ಅಳತೆ ಚಪ್ಪಲಿ ತೋರಿಸ್ತಾರಾ ನಿಮ್ಮ ಮಾವ? ಅದೂ ಹಳೇದು ನೋಡದೆ? ಕೌಂಟರ್ ಮೇಲೆ ಹಳೇ ಪ್ಯಾಡೇ ಇರಲಿಲ್ಲ. ಇಲ್ಲಿಗೆ ಗಿರಾಕಿ ಯಾರೂ ಬಂದಿರಲಿಲ್ಲ. ನೀವು ಪ್ಯಾಡನ್ನ ಪೆಟ್ಟಿಗೆಗಟ್ಟಲೆ ತರಿಸಿದ್ದೀರಿ, ಒಂದನ್ನೂ ಗಾಡಿಗೆ ಹಾಕಿ ನೋಡಿದವರಲ್ಲ."

"ಮತ್ತೆ ಮಾವ ಯಾಕೆ ಬಿಚ್ಚಿದ್ರು?"

"ಪರೀಕ್ಷೆಗೆ. ಮೂರೂ ಡಬ್ಬಿ ಮೇಲೆ 'ಸಿಂಟರ್ಡ್' ಅಂತ ಅಚ್ಚಾಗಿದೆ. ಅಂದರೆ ಲೋಹದ ಪುಡಿಯನ್ನ ಒತ್ತಿ, ಕಾಯಿಸಿ ಮಾಡಿದ್ದು. ಅದರಲ್ಲಿ ಕರೆಂಟ್ ಹರೀಬೇಕು."

ಎರಡು ವೈರುಗಳನ್ನು ಪ್ಯಾಡಿನ ಮುಖಕ್ಕೆ ಒತ್ತಿದಳು. ಬಲ್ಬು ಹತ್ತಲಿಲ್ಲ. ಎರಡನೆಯದಕ್ಕೆ ಒತ್ತಿದಳು. ಇಲ್ಲ. ಮೂರನೆಯದಕ್ಕೂ ಇಲ್ಲ. ವೈರುಗಳ ತುದಿಗಳನ್ನೇ ಮುಟ್ಟಿಸಿದಳು. ಬಲ್ಬು ಜಗ್ಗನೆ ಹತ್ತಿತು.

"ನಾನು ನಕಲಿ ಮಾಲು ತರಿಸಿಲ್ಲ ಮೇಡಂ!"

"ನಕಲಿ ಅಂತ ನಾನಿನ್ನೂ ಅಂದೇ ಇಲ್ವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಪೇದೆ ನಿಂತಿದ್ದ. ಅಳಿಯ ಡಬ್ಬಿಗಳ ನಡುವೆ ಕುಸಿದು ಕುಳಿತ.

"ಟೀಚರ್ ಬಿದ್ದ ಸುದ್ದಿ ಕೇಳಿದಾಗಿಂದ ಮಾವಂಗೆ ಅನುಮಾನ. ಎಲ್ಲಾ ಡಬ್ಬಿ ರಸ್ತೆಗೆ ಸುರಿದು, ಬೀದಿಗೇ ಕೂಗಿ ಹೇಳ್ತೀನಿ ಅಂದ್ರು. ಹೆದರಿಸೋಣ ಅಂತ ಸ್ಪ್ಯಾನರ್ ಎತ್ಕೊಂಡು ಬಂದೆ. ಅವರು ಹೆದರಲೇ ಇಲ್ಲ. ಬೆನ್ನು ತಿರುಗಿಸಿ ಇನ್ನೊಂದು ಡಬ್ಬಿ ತೆಗೆಯೋಕೆ ಹೋದ್ರು."

* * *

ಲಾಕಪ್ಪಿನಿಂದ ಬಿಟ್ಟ ಕೂಡಲೇ ಮೆಕ್ಯಾನಿಕ್ ಮನೆಗೆ ಹೋಗುತ್ತಾನೆ ಅಂದುಕೊಂಡಿದ್ದಳು. ಅವನು ಠಾಣೆಯ ಬೆಂಚಿನ ಮೇಲೆಯೇ ಕೂತು ಫೋನು ಹಿಡಿದಿದ್ದ.

"ಅಣ್ಣಾ, ಆ ಪ್ಯಾಡ್ ನಾನೇ ಹಾಕಿದ್ದು. ಗಾಡಿ ಓಡಿಸ್ಬೇಡಿ. ತಳ್ಕೊಂಡು ಬನ್ನಿ, ಬಿಚ್ಚಿಕೊಡ್ತೀನಿ." ಇಟ್ಟ. ಮತ್ತೊಬ್ಬರಿಗೆ ಮಾಡಿದ. ಮತ್ತದೇ ಮಾತು. ಕೊನೆಗೆ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದ.

"ಎಲ್ಲರೂ ನಾಳೆ ಬರ್ತೀನಿ ಅಂತಾರೆ ಮೇಡಂ. ಒಬ್ಬ ಈಗ್ಲೇ ರಸ್ತೇಲಿದ್ದಾನಂತೆ. ಬ್ರೇಕ್ ಚೆನ್ನಾಗೇ ಇದೆಯಂತೆ. ನಗ್ತಾನೆ."

ಅವಳು ಫೋನು ಕಿತ್ತುಕೊಂಡು ಅದೇ ನಂಬರಿಗೆ ಮತ್ತೆ ಮಾಡಿದಳು.

"ಪೊಲೀಸ್ ಠಾಣೆಯಿಂದ ಮಾತಾಡ್ತಿರೋದು," ಎಂದಳು. "ಮೊದಲು ಗಾಡಿ ಇಳಿ."