ರಾಣಿಯ ಸಿಟ್ಟು

ಮುದ್ದೇಬಿಹಾಳದ ಲೈಬ್ರರಿಯ ಕಿಟಕಿಯ ಬಳಿ ಎರಡು ತಲೆಗಳು ಒಂದೇ ಪುಸ್ತಕದ ಮೇಲೆ ಬಾಗಿದ್ದವು. ಒಂದು ಪರಮಾನಂದನದು. ಇನ್ನೊಂದು ಯಾರದು? ಜಯಮಾಲಾ ಬಾಗಿಲಲ್ಲೇ ನಿಂತುಬಿಟ್ಟಳು.

ಪ್ರತಿ ಭಾನುವಾರ ಆ ಕುರ್ಚಿ ಅವಳದಾಗಿತ್ತು. ಎಪಿಎಂಸಿ ಮಾರುಕಟ್ಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ ನಡೆಸುವ ಪರಮಾನಂದನಿಗೆ ಹಳೆಯ ಇಂಗ್ಲಿಷ್ ಐತಿಹಾಸಿಕ ನಾಟಕಗಳ ಹುಚ್ಚು. ಯಾವುದೋ ಕಾಲದ ರಾಜರು, ಅವರ ಯುದ್ಧ, ಅವರ ಸಾವು. ಪರೀಕ್ಷೆಗಲ್ಲ, ನೌಕರಿಗಲ್ಲ, ಬರೀ ಖುಷಿಗೆ ಓದುತ್ತಿದ್ದ. ಓದಿ, ಕಥೆಯನ್ನು ಕನ್ನಡದಲ್ಲಿ ಅವಳಿಗೆ ಹೇಳುತ್ತಿದ್ದ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಜಯಮಾಲಾ ರಾಜರಿಗಿಂತ ಹೆಚ್ಚಾಗಿ, ಹೇಳುವವನ ಕಣ್ಣು ಅರಳುವುದನ್ನೇ ನೋಡುತ್ತಿದ್ದಳು.

"ಬರ್ರಿ ಬರ್ರಿ!" ಪರಮಾನಂದ ಕರೆದ. "ಇವರು ರಾಜೇಶ್ವರಿ ಮೇಡಂ, ಕಾಲೇಜಿಗೆ ಹೊಸದಾಗಿ ಬಂದಾರ. ಇಂಗ್ಲಿಷ್ ಲೆಕ್ಚರರ್. ಎಷ್ಟು ಚಂದ ಓದ್ತಾರ ಗೊತ್ತೇನ್ರಿ?"

ರಾಜೇಶ್ವರಿ ನಾಲ್ಕು ಸಾಲು ಓದಿದಳು. ನಿಜಕ್ಕೂ ಚಂದವಿತ್ತು. ಅದನ್ನೇ ಜಯಮಾಲಾಗೆ ಸಹಿಸಲಾಗಲಿಲ್ಲ. ತಲೆನೋವೆಂದು ಹೇಳಿ ಹೊರಟುಬಂದಳು.

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಅದರ ಮುಂದಿನ ವಾರ ತರಕಾರಿಯ ನೆಪದಲ್ಲಿ ಆ ರಸ್ತೆಯಲ್ಲೇ ಹಾದಳು. ಕಿಟಕಿಯಿಂದ ಇಬ್ಬರ ನಗು ಕೇಳಿಸಿತು. ಮನೆಗೆ ಬಂದು ಬದನೆಕಾಯಿಯ ಚೀಲ ಎಸೆದ ರಭಸಕ್ಕೆ ಅವ್ವ ಹೊನ್ನವ್ವ ಬೆಚ್ಚಿದಳು.

"ಇಂಡಿ ಊರಿಂದ ಗಂಡಿನವರು ಈ ಬುಧವಾರ ಬಿಟ್ಟು ಮುಂದಿನ ಬುಧವಾರ ನಿನ್ನ ನೋಡಾಕ ಬರ್ತೇವಿ ಅಂದಾರ. ಬರ್ಲೋ ಬ್ಯಾಡೋ?"

"ಬರಲಿ ಬಿಡಬೇ!" ಎಂದಳು ಜಯಮಾಲಾ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಆ ಬುಧವಾರಕ್ಕೆ ಮುಂಚಿನ ಭಾನುವಾರ ಅವಳು ಲೈಬ್ರರಿಗೆ ಹೋದಳು. ಅವರು ಹೊಸ ನಾಟಕ ಹಿಡಿದಿದ್ದರು. ರಾಣಿಯನ್ನು ಬಿಟ್ಟು ಇನ್ನೊಬ್ಬಳಿಗೆ ಮನಸೋತ ರಾಜನ ಕಥೆ.

"ಛಲೋ ಹೊತ್ತಿಗೆ ಬಂದ್ರಿ," ಎಂದಳು ರಾಜೇಶ್ವರಿ. "ನಾನು ಆ ಹೊಸ ಹುಡುಗಿ. ನೀವು ರಾಣಿ ಓದ್ರಿ."

"ನನ್ನ ಇಂಗ್ಲಿಷ್ ನಿಮ್ಮಷ್ಟು ನುಣುಪಿಲ್ಲರಿ."

"ರಾಣಿಗೆ ನುಣುಪು ಬ್ಯಾಡ್ರಿ. ಸಿಟ್ಟು ಬೇಕು."

ಮೊದಲ ಸಾಲಿನಲ್ಲಿ ಜಯಮಾಲಾ ತಡವರಿಸಿದಳು. ಎರಡನೆಯದರಲ್ಲಿ ದನಿ ಏರಿತು. ಆಮೇಲೆ ಕಣ್ಣು ಪುಟದ ಮೇಲಿರಲಿಲ್ಲ, ಮಾತೂ ಇಂಗ್ಲಿಷಿನಲ್ಲಿರಲಿಲ್ಲ.

"ಇಷ್ಟು ದಿನ ನಿನ್ನ ಎದುರಿಗೆ ಕುಂತೆ. ನಿನ್ನ ರಾಜರು ಸತ್ತಾಗೆಲ್ಲ ನಾ ಅತ್ತೆ. ಯಾರೋ ಬಂದು ಚಂದ ಓದಿದ ಕೂಡ್ಲೆ ನನ್ನ ಕುರ್ಚಿ ಕೊಟ್ಟಬಿಟ್ಟಿಯಲ್ಲ!"

ದಿನಾ ಪೇಪರ್ ಓದಲು ಬಂದು ಮೂಲೆಯಲ್ಲಿ ಕೂರುವ ಧೂಳಪ್ಪಜ್ಜ ಪೇಪರ್ ಕೆಳಗಿಳಿಸಿ ನೋಡಿದ. ರಾಜೇಶ್ವರಿ ನಿಧಾನವಾಗಿ ಎದ್ದಳು.

"ಸುಳ್ಳು ಯಾಕ ಹೇಳ್ಲಿ, ನನಗೂ ಇವರು ಇಷ್ಟ ಆಗಿದ್ರು," ಎಂದಳು. "ಆದ್ರ ಇವರ ಬಾಯಾಗ ಬರೇ ನಿಮ್ಮ ಮಾತ. ಜಯಮಾಲಾ ಇದಕ್ಕ ನಗ್ತಿದ್ರು, ಜಯಮಾಲಾ ಅದಕ್ಕ ಅಳ್ತಿದ್ರು. ಸಾಕಾತು. ಬರ್ತೇನ್ರಿ."

ಅವಳು ಹೋದ ಮೇಲೆ ಜಯಮಾಲಾಗೆ ತಲೆ ಎತ್ತಲಾಗಲಿಲ್ಲ. ಆಗ ಪರಮಾನಂದ ಮೊದಲ ಸಲ ಬಹುವಚನ ಬಿಟ್ಟ.

"ನೀ ಬರದ ವಾರ ನಾ ಓದಿದ್ದು ಒಂದೂ ತಲಿಯಾಗ ಉಳಿದಿಲ್ಲ. ಮನಿತನಕ ಬಂದು ಕೇಳಾಕ ಧೈರ್ಯ ಆಗಲಿಲ್ಲ."

"ಬುಧವಾರ ಇಂಡಿಯವರು ನನ್ನ ನೋಡಾಕ ಬರ್ತಾರ."

ಅವನ ಮುಖ ಕಪ್ಪಿಟ್ಟಿತು. ಅದನ್ನು ನೋಡಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಯಾರಂವ?" ಅವನ ದನಿಯೇ ಬದಲಾಗಿತ್ತು. "ಮಂಗಳವಾರನ ನಮ್ಮವ್ವನ್ನ ನಿಮ್ಮ ಮನಿಗೆ ಕಳಸ್ತೇನಿ."

"ಮಂಗಳವಾರ ಯಾಕ? ಇವತ್ತ ಸಂಜಿಕ ಕಳಸು."

ಸಂಜೆ ಅವನ ತಾಯಿ ಬಂದರು. ಹೊನ್ನವ್ವ ಇಂಡಿಯವರಿಗೆ ಬರಬೇಡಿರೆಂದು ಫೋನ್ ಮಾಡಿಸಿದಳು.

ತಮ್ಮ ಮದುವೆಯ ಕಾರ್ಡ್ ಅಚ್ಚಾಗಿ ಬಂದಾಗ ರಾಜೇಶ್ವರಿ ಮೇಡಂ ಮನೆಗೆ ತಾನೇ ಹೋಗಿ ಕೊಡುತ್ತೇನೆಂದಳು ಜಯಮಾಲಾ. ನಾನೂ ಬರುತ್ತೇನೆಂದು ಪರಮಾನಂದ ಚಪ್ಪಲಿ ಮೆಟ್ಟಿಕೊಂಡ.

"ನೀ ಅಂಗಡಿಗೆ ಹೋಗು," ಎಂದಳು.